ಏಳನೇ ಕ್ಲಾಸಿನ ಮುಯ್ಯಾಳುಗಳು

ಅವತ್ತು ಬೆಳಗಿನ ಜಾವ ಊರಿನ ರೇಷ್ಮೆ ಹುಳುಗಳೆಲ್ಲ ಮಾತಾಡಿಕೊಂಡ ಹಾಗೆ ಒಟ್ಟಿಗೆ ಎಲೆ ತಿನ್ನುವುದನ್ನು ನಿಲ್ಲಿಸಿಬಿಟ್ಟವು. ಭೀಮರಾಜ್ ಮೇಷ್ಟ್ರ ಕಷ್ಟ ಶುರುವಾದದ್ದು ಅಲ್ಲಿಂದ.

ಹುಳುಗಳು ಬಾಯಿ ಮುಚ್ಚುವ ಹೊತ್ತಿಗೆ ಮೇಷ್ಟ್ರು ನಿದ್ದೆಗೂ ಎಚ್ಚರಕ್ಕೂ ನಡುವಿನ ಆ ಮೆತ್ತನೆಯ ಜಾಗದಲ್ಲಿದ್ದರು. ಅಲ್ಲಿ ಅವರು ಮುಳಬಾಗಿಲು ತಾಲೂಕಿನ ಸರ್ಕಾರಿ ಶಾಲೆಯ ಮೇಷ್ಟ್ರಲ್ಲ, ಕೋಲಾರದ ಶಿಕ್ಷಕರ ತರಬೇತಿ ಕಾಲೇಜಿನ ಲೆಕ್ಚರರು. ಮೈಮೇಲೆ ಕಪ್ಪು ಗೌನು. ಕಿಟಕಿಯಾಚೆ ಅಂತರಗಂಗೆ ಬೆಟ್ಟ ಹಾಲಿನ ಕೆನೆಯಂಥ ಮಂಜು ಹೊದ್ದು ಅವರ ಪಾಠವನ್ನೇ ಕೇಳುತ್ತಿದೆ. ಎದುರಿಗೆ ಕೂತವರಲ್ಲಿ ಒಬ್ಬನೂ ಮೂಗು ಸುರಿಸುತ್ತಿಲ್ಲ, ಒಬ್ಬನೂ "ಸಾರ್, ಇವ್ನು ಚಿವುಟ್ತಾನೆ" ಅನ್ನುತ್ತಿಲ್ಲ.

ಕನಸು ಪೂರ್ತಿ ಸುಳ್ಳೇನಲ್ಲ. ಆರರಿಂದ ಎಂಟನೇ ತರಗತಿಯ ಮಕ್ಕಳಿಗೆ ಹೇಗೆ ಕಲಿಸಬೇಕು ಅನ್ನುವುದನ್ನೇ ಆರಿಸಿಕೊಂಡು ಮೇಷ್ಟ್ರು ನಲವತ್ತು ದಾಟಿದ ಮೇಲೆ ಎಂ.ಎಡ್. ಓದುತ್ತಿದ್ದರು. ಪರೀಕ್ಷೆಗಳು ಮುಗಿದಿದ್ದವು. ಉಳಿದದ್ದು ಒಂದೇ ಒಂದು ಪಾಠ. ಅವರ ಗೈಡ್ ಅನಿತ ಮೇಡಂ ಹಿಂದಿನ ಬೆಂಚಿನಲ್ಲಿ ಕೂತು ಆ ಪಾಠ ನೋಡಬೇಕು, ಅಂಕ ಹಾಕಬೇಕು. ಅದಕ್ಕೆ ಇವತ್ತೇ ಕೊನೆಯ ದಿನ. ತಪ್ಪಿದರೆ ಡಿಗ್ರಿ ಮುಂದಿನ ವರ್ಷಕ್ಕೆ, ಬೆಟ್ಟದ ಕಿಟಕಿ ಅದರಾಚೆಗೆ.

ಮೇಷ್ಟ್ರು ಇಸ್ತ್ರಿ ಅಂಗಿ ತೊಟ್ಟು ಶಾಲೆಗೆ ಬಂದರೆ ಹೆಡ್‌ಮಾಸ್ಟರ್ ನರಸಿಂಹಪ್ಪ ಖಾಲಿ ವರಾಂಡದಲ್ಲಿ ಒಬ್ಬರೇ ನಿಂತು ಕಡ್ಲೆಕಾಯಿ ತಿನ್ನುತ್ತಿದ್ದರು.

"ಬನ್ನಿ ಭೀಮರಾಜ್. ಶಾಲೇಲಿ ನಾನಿದೀನಿ, ಗಂಟೆ ಇದೆ. ಮಕ್ಕಳು ಮಾತ್ರ ಇಲ್ಲ."

"ಎಲ್ಲೋದ್ರು ಸಾರ್?"

"ಹುಳ ಹಣ್ಣಾಗಿದೆಯಲ್ರೀ."

ಊರಿನ ಅಷ್ಟೂ ಮನೆಗೆ ಮರಿಹುಳು ಬಂದದ್ದು ಒಂದೇ ಗಾಡಿಯಲ್ಲಿ, ಒಂದೇ ದಿನ. ಇನ್ನೂ ಎರಡು ದಿನ ಎಲೆ ತಿನ್ನಬೇಕಾದವು ಬಿಸಿಲಿನ ಝಳಕ್ಕೆ ಇವತ್ತೇ ಗೂಡು ಕಟ್ಟಲು ಹಣ್ಣಾಗಿದ್ದವು. ಹಣ್ಣಾದ ಹುಳವನ್ನು ಆರಿಸಿ ಕೂಡಲೇ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡದಿದ್ದರೆ ಅದು ಸಿಕ್ಕ ಕಡೆ ನೂಲು ಉಗುಳಿ ಬೆಳೆಯನ್ನೇ ಕೆಡಿಸುತ್ತದೆ. ಹಾಗಾಗಿ ಅಂಥ ದಿನ ಕಣ್ಣು ಚುರುಕಿರುವ, ಬೆರಳು ಸಣ್ಣಗಿರುವ ಪ್ರತಿಯೊಂದು ಜೀವವೂ ಹುಳುವಿನ ಮನೆಯಲ್ಲಿ.

ಮೇಷ್ಟ್ರು ಅನಿತ ಮೇಡಂಗೆ ಫೋನು ಮಾಡಿದರು. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದರು. ಎತ್ತಲಿಲ್ಲ. "ಬಸ್ಸಲ್ಲಿರಬೇಕು, ಹೊರಟುಬಿಟ್ಟಿದ್ದಾರೆ" ಅಂದುಕೊಂಡು ಅಲ್ಲಿಂದ ಓಡಿದವರು ನಿಂತದ್ದು ಗಂಗುಲಪ್ಪನ ಮನೆಯಲ್ಲಿ. ಗಂಗುಲಪ್ಪ ಶಾಲೆಯ ಮೇಲುಸ್ತುವಾರಿ ಸಮಿತಿಯ ಅಧ್ಯಕ್ಷ. ಸದ್ಯಕ್ಕೆ ಹುಳುವಿನ ತಟ್ಟೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಪಕ್ಕದಲ್ಲಿ ಏಳನೇ ಕ್ಲಾಸು ಹೆಚ್ಚು ಕಡಿಮೆ ಪೂರ್ತಿ ಕೂತಿತ್ತು.

"ಗಂಗುಲಪ್ಪ, ಒಂದೇ ಒಂದು ಪೀರಿಯಡ್ಡು. ಮಕ್ಕಳನ್ನ ಕಳ್ಸಪ್ಪ. ನನ್ನ ಡಿಗ್ರಿ ಪ್ರಶ್ನೆ."

"ನೀವು ಇನ್ನೊಂದು ದಿನ ಓದ್ಕೋಬೋದು ಸಾರ್. ಇದು ಇನ್ನೊಂದು ದಿನ ಗೂಡು ಕಟ್ಟತ್ತಾ?" ಅಂದ ಗಂಗುಲಪ್ಪ, ಬಂಗಾರದ ಬಣ್ಣಕ್ಕೆ ತಿರುಗಿದ ಹುಳವೊಂದನ್ನು ಮೇಷ್ಟ್ರ ಮೂಗಿನ ಹತ್ತಿರ ಹಿಡಿದು. ಮೇಷ್ಟ್ರ ಮುಖ ಬಾಡಿದ್ದು ಕಂಡು ಅವನಿಗೂ ಪಾಪ ಅನ್ನಿಸಿತು. "ಹಂಗಂತ ನಿಮ್ಮನ್ನ ಕೈ ಬಿಡ್ತೀನಾ? ಮಕ್ಕಳ ಬದ್ಲು ಮುಯ್ಯಾಳು ಕಳ್ಸ್ತೀನಿ, ಹೋಗಿ."

ಆ ಕಡೆ ಅದು ವಾಡಿಕೆ. ಒಬ್ಬರ ಹೊಲಕ್ಕೆ ಇನ್ನೊಬ್ಬರು ಕೂಲಿಯಿಲ್ಲದೆ ಹೋಗುತ್ತಾರೆ. ಒಪ್ಪಿಕೊಂಡವನಿಗೆ ಬರಲಾಗದಿದ್ದರೆ ಮನೆಯಿಂದ ಇನ್ನೊಂದು ಆಳು ಬರುತ್ತದೆ. ಆಳಿಗೆ ಆಳು. ಅದನ್ನು ಏಳನೇ ಕ್ಲಾಸಿಗೂ ಅನ್ವಯಿಸಬಹುದು ಅಂತ ಈವರೆಗೆ ಯಾರಿಗೂ ಹೊಳೆದಿರಲಿಲ್ಲ.

"ಬೇಡಪ್ಪ, ಮೇಡಂ ಏನಂದ್ಕೋತಾರೆ?"

"ಬೆಂಚು ತುಂಬಿದ್ರೆ ಆಯ್ತಲ್ವಾ ಸಾರ್? ಸುಮ್ನಿರಿ."

ಮೇಷ್ಟ್ರು ಶಾಲೆಗೆ ಮರಳುವಷ್ಟರಲ್ಲಿ ಬೆಂಚು ತುಂಬತೊಡಗಿತ್ತು. ಕಣ್ಣು ಮಂಜಾಗಿ ಹುಳ ಆರಿಸಲು ಬಾರದವರು, ಕೈ ನಡುಗುವವರು, ಸೊಂಟ ಬಗ್ಗದವರು, ಎಲ್ಲರೂ ತಲೆ ಬಾಚಿಕೊಂಡು ಬರುತ್ತಿದ್ದರು. ಮೊದಲ ಬೆಂಚಿನಲ್ಲಿ ಮುನಿಯಲ್ಲಮ್ಮ, ಮೊಮ್ಮಗಳು ಮೇಘನಳ ಚೀಲ ತೊಡೆಯ ಮೇಲಿಟ್ಟುಕೊಂಡು. ಅವಳ ಪಕ್ಕ ರಿಟೈರಾದ ಬಸ್ ಕಂಡಕ್ಟರ್ ಅಶ್ವತ್ಥಪ್ಪ, ಮೊಮ್ಮಗ ಮುನೇಶನ ಬದಲಿಗೆ.

"ಅಲ್ಲಿ ಕೂತ್ಕೋಬೇಡ ಅಶ್ವತ್ಥಪ್ಪ. ಅದು ಹೆಣ್ಮಕ್ಕಳ ಬೆಂಚು," ಅಂದಳು ಮುನಿಯಲ್ಲಮ್ಮ.

"ನೀನು ಹೆಣ್ಮಗು ಆಗಿದ್ದು ಯಾವ ಕಾಲದಲ್ಲಕ್ಕಾ?"

"ಸಾರ್, ನೋಡಿ ಇವ್ನು ಹೆಂಗಂತಾನೆ."

ಮೇಷ್ಟ್ರಿಗೆ ತಮ್ಮ ಕನಸಿನ ತರಗತಿಗೂ ಇದಕ್ಕೂ ಇರುವ ದೂರ ನೆನೆದು ಕಣ್ಣಿಗೆ ಕತ್ತಲೆ ಬಂತು. ಹಾಜರಿ ಕರೆದರು. "ಮೇಘನ" ಅಂದಾಗ ಮುನಿಯಲ್ಲಮ್ಮ ಎದ್ದು ನಿಲ್ಲಲು ಹೋಗಿ, ಸೊಂಟ ಹಿಡಿದುಕೊಂಡು, ಅರ್ಧಕ್ಕೇ ನಿಂತು "ಬಂದಿದೀನಿ ನಾಯನಾ" ಅಂದಳು. ಅಶ್ವತ್ಥಪ್ಪ ಮಾತ್ರ ಜೇಬಿಂದ ಹಳೆಯ ಸೀಟಿ ತೆಗೆದು ಒಂದು ಸಲ ಊದಿ ಹಾಜರಿ ಹೇಳಿದ.

ಅಷ್ಟರಲ್ಲಿ ಗೇಟಿನ ಬಳಿ ಆಟೋ ನಿಂತಿತು. ಇಳಿದವರು ನೆರೆಗೂದಲಿನ ಗಂಭೀರ ಹೆಂಗಸು. ರೇಷ್ಮೆ ಸೀರೆ, ದಪ್ಪ ಕನ್ನಡಕ, ಹೆಗಲಿಗೆ ಕಪ್ಪು ಬ್ಯಾಗು. ಮೇಷ್ಟ್ರು ತಮ್ಮ ಗೈಡಿನ ಮುಖ ನೋಡಿದವರಲ್ಲ. ಆನ್‌ಲೈನ್ ತರಗತಿಯಲ್ಲಿ ಮೇಡಂ ಬದಲು ಅವರ ಮನೆಯ ಫ್ಯಾನು ತಿರುಗುವುದಷ್ಟೇ ಕಾಣುತ್ತಿತ್ತು. ಊರಿನ ನೆಟ್‌ವರ್ಕಿನಲ್ಲಿ ಯಾರು ಮಾತಾಡಿದರೂ ಬಾವಿಯೊಳಗಿಂದ ಮಾತಾಡಿದಂತಿರುತ್ತಿತ್ತು.

"ಕಾಲೇಜಿಂದ ಅಲ್ವಾ ಮೇಡಂ?" ಅಂತ ನರಸಿಂಹಪ್ಪ ಕಡ್ಲೆಕಾಯಿ ಸಿಪ್ಪೆ ಕೊಡವಿಕೊಂಡು ಕೈ ಮುಗಿದರು.

"ಹೂಂ. ಅನಿತ ಮೇಡಮ್ಮಂದು ಪಾಠ ಇದೆಯಲ್ಲ, ಅದನ್ನ ನೋಡಕ್ಕೆ," ಅಂದರು ಅವರು.

ಮೇಷ್ಟ್ರು ಹುಳುಗಳ ವಿಷಯ ವಿವರಿಸಲು ಬಾಯಿ ತೆರೆದರೆ ಅವರು ಕೈ ಎತ್ತಿ "ಗೊತ್ತಪ್ಪ, ಗೊತ್ತು. ಹಣ್ಣಾದ್ರೆ ಏನ್ ಮಾಡಕ್ಕಾಗತ್ತೆ? ನೀವು ಶುರು ಮಾಡಿ" ಅಂದು ಹಿಂದಿನ ಬೆಂಚಿಗೆ ಹೋಗಿ ಕೂತರು. ಇಷ್ಟು ಓದಿಯೂ ಎಷ್ಟು ಸರಳ ಜೀವ ಅಂದುಕೊಂಡು ಮೇಷ್ಟ್ರು ಹಲಗೆ ಒರೆಸಿದರು.

ಪಾಠ ಚಂದ್ರನದು. ಮೇಷ್ಟ್ರ ಎಂ.ಎಡ್. ಪ್ರಬಂಧದ ತಿರುಳು ಇಷ್ಟೇ: ಈ ವಯಸ್ಸಿನ ಮಕ್ಕಳಿಗೆ ಉತ್ತರ ಹೇಳಬಾರದು, ಪ್ರಶ್ನೆ ಕೇಳಲು ಬಿಡಬೇಕು. ಆದರೆ ಏಳನೇ ಕ್ಲಾಸಿನ ಮಕ್ಕಳು ಅವರನ್ನು ಇದುವರೆಗೆ ಕೇಳಿದ ಒಂದೇ ಪ್ರಶ್ನೆ "ಬೆಲ್ ಹೊಡೀತಾ ಸಾರ್?"

"ಚಂದ್ರನ ಬಗ್ಗೆ ಯಾರು ಏನು ಬೇಕಾದ್ರೂ ಕೇಳಬಹುದು," ಅಂದರು ಮೇಷ್ಟ್ರು.

ಅಶ್ವತ್ಥಪ್ಪ ಕೈ ಎತ್ತಿದ. "ಸಾರ್, ನನ್ನ ಸರ್ವೀಸೆಲ್ಲಾ ಚಂದ್ರ ನಮ್ಮ ಬಸ್ಸಿನ ಜೊತೇಲೇ ಬರ್ತಿದ್ದ. ಮುಳಬಾಗಿಲಲ್ಲಿ ಹತ್ತಿದ್ರೆ ಬೆಂಗ್ಳೂರಲ್ಲೇ ಇಳೀತಿದ್ದ. ಒಂದು ದಿನಾನೂ ಟಿಕೆಟ್ ತಗೊಂಡಿಲ್ಲ. ಯಾಕ್ ಹಂಗೆ ಬರ್ತಾನೆ?"

ಯಾರೂ ನಗಲಿಲ್ಲ. ಎಲ್ಲರಿಗೂ ಅದು ಬೇಕಾಗಿದ್ದ ಪ್ರಶ್ನೆಯೇ.

"ಬಸ್ಸಿನ ಜೊತೆ ಅಲ್ಲ, ನನ್ನ ಜೊತೆ," ಅಂದಳು ಮುನಿಯಲ್ಲಮ್ಮ. "ಮದ್ವೆ ಆಗಿ ಗಾಡೀಲಿ ಈ ಊರಿಗೆ ಬರೋವಾಗ ತೌರಿಂದ ನಂಜೊತೆ ಬಂದಿದ್ದು ಅವ್ನೊಬ್ನೇ. ಸಾರ್, ನಾನ್ ಇಲ್ಲಿಗ್ ಬಂದ್ನಲ್ಲಾ, ಆಗ ನಮ್ಮಮ್ಮಂಗೆ ಅಲ್ಲಿ ಯಾವ ಚಂದ್ರ ಇದ್ದ?"

ಮೇಷ್ಟ್ರು ಸೀಮೆಸುಣ್ಣ ಹಿಡಿದು ಹಲಗೆಯ ಕಡೆ ತಿರುಗಿದರು. ಉತ್ತರ ಹೇಳದೆ ಕಪ್ಪು ಹಲಗೆಯ ಮೇಲೆ ಒಂದು ದಾರಿ ಬರೆದರು, ಒಂದು ಗಾಡಿ, ಒಂದು ಬಸ್ಸು, ಬಲು ದೂರದಲ್ಲಿ ಒಂದು ಚಂದ್ರ. ಹತ್ತಿರದ ಹುಣಸೆಮರ ಯಾಕೆ ಹಿಂದೆ ಓಡುತ್ತದೆ, ದೂರದ ಬೆಟ್ಟ ಯಾಕೆ ಓಡುವುದಿಲ್ಲ ಅಂತ ತಿರುಗಿ ಕೇಳಿದರು. ಒಬ್ಬರ ಮಾತು ಇನ್ನೊಬ್ಬರು ಹಿಡಿದರು. ಮಾತಿಗೆ ಮಾತು ಕೂಡಿ, ಹಗಲು ಹನ್ನೊಂದರ ಬಿಸಿಲಿನಲ್ಲಿ ಆ ಕೋಣೆಯೊಳಗೆ ಬೆಳದಿಂಗಳು ಬಿದ್ದ ಹಾಗಾಯಿತು. ಕೊನೆಗೆ ಅಶ್ವತ್ಥಪ್ಪನೇ ಎದ್ದು, "ಹಂಗಾದ್ರೆ ಅವ್ನು ಎಲ್ಲೂ ಹೋಗಲ್ಲ, ದೂರ ಇರೋದ್ಕೆ ನಮ್ಜೊತೆ ಬಂದಂಗೆ ಕಾಣ್ತಾನೆ" ಅಂದ.

"ಅಂದ್ರೆ ನಮ್ಮಮ್ಮಂಗೂ ಅವ್ನೇ ಇದ್ದ," ಅಂದಳು ಮುನಿಯಲ್ಲಮ್ಮ ಮೆಲ್ಲಗೆ.

ಹಿಂದಿನ ಬೆಂಚಿನ ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ಮೇಷ್ಟ್ರು ನೋಡಿದರು. ಒಂದಕ್ಷರವನ್ನೂ ಬರೆದುಕೊಂಡಿರಲಿಲ್ಲ, ಮಾತಿಗೆ ಸಿಗದಷ್ಟು ಮೆಚ್ಚಿರಬೇಕು. ಮೇಷ್ಟ್ರ ಪಾದ ನೆಲಕ್ಕೆ ತಾಗುತ್ತಿರಲಿಲ್ಲ. ಕಪ್ಪು ಗೌನು ಹೆಗಲ ಮೇಲೆ ಇಳಿಯುತ್ತಿರುವುದು ಅವರಿಗೆ ಸ್ಪಷ್ಟವಾಗಿ ಗೊತ್ತಾಗುತ್ತಿತ್ತು.

ಆಟೋವರೆಗೂ ಬೀಳ್ಕೊಡಲು ಹೋದರು. ಕೈ ಹೊಸೆದುಕೊಂಡು ಕೇಳಿದರು:

"ಮೇಡಂ, ಅಂಕದ ವಿಷಯ ಒಂದು..."

"ಅಂಕ ಎಲ್ಲ ನಂಗೇನ್ ಗೊತ್ತಪ್ಪ? ಅದನ್ನ ಸೊಸೆ ಹಾಕ್ತಾಳೆ."

"ಯಾವ ಸೊಸೆ?"

"ನಮ್ಮ ಅನಿತ. ಹುತ್ತೂರಲ್ಲಿ ನಮ್ಮನೇಲೂ ಹುಳ ಬೆಳಗ್ಗೆನೇ ಹಣ್ಣಾಗಿಬಿಡ್ತು ಕಣಪ್ಪ. ಅವ್ಳ್ ಕೈ ಬಿಟ್ರೆ ಬೆಳೆ ಹೋಗತ್ತೆ. ನಂಗೆ ಕಣ್ಣು ಮಂಜು, ಆರ್ಸಕ್ಕಾಗಲ್ಲ. ಅದಕ್ಕೆ 'ನನ್ನ ಬದ್ಲು ನೀವು ಹೋಗ್ಬನ್ನಿ ಅತ್ತೆ' ಅಂತ ಈ ಬ್ಯಾಗ್ ಹಾಕಿ ಕಳ್ಸಿದ್ಲು."

ಮೇಷ್ಟ್ರು ಆಟೋದ ಕಂಬಿ ಹಿಡಿದುಕೊಂಡರು. ಆದರೂ ಒಂದು ಎಳೆ ಆಸೆ ಉಳಿದಿತ್ತು. "ಪಾಠ ಚೆನ್ನಾಗಿತ್ತು ಅಂತ ಹೇಳ್ತೀರಲ್ವಾ ಅಮ್ಮ?"

"ಪಾಠದ ಮಾತು ಅವ್ಳು ಕೇಳಲ್ಲಪ್ಪ. 'ಭೀಮರಾಜ್ ಚೆನ್ನಾಗೇ ಮಾಡ್ತಾರೆ, ನಂಗೊತ್ತು. ಎದುರಿಗೆ ಮಕ್ಕಳು ಕೂತಿದ್ರಾ ಇಲ್ವಾ, ಅಷ್ಟ್ ನೋಡ್ಕೊಂಡ್ ಬನ್ನಿ, ಅದೇ ಮುಖ್ಯ' ಅಂದ್ಲು."

"ಕಣ್ಣು ಮಂಜು ಅಂದ್ರಲ್ಲಮ್ಮಾ," ಅಂದರು ಮೇಷ್ಟ್ರು, ಮುಳುಗುವವರ ದನಿಯಲ್ಲಿ.

"ಮಂಜಾದ್ರೂ ಮಗು ಯಾವ್ದು ಮುದುಕಿ ಯಾವ್ದು ಅಂತ ಗೊತ್ತಾಗಲ್ವಾ? ಒಂದು ಮಗೂನೂ ಇರ್ಲಿಲ್ಲ. ಇದ್ದಿದ್ದು ಹೇಳ್ಬೇಕಲ್ಲ, ವಿದ್ಯೆ ವಿಷ್ಯ."

ಆಟೋ ಸದ್ದು ಮಾಡಿತು. ಅಜ್ಜಿ ಕನ್ನಡಕ ಸರಿಪಡಿಸಿಕೊಂಡು, ಹೊರಗೆ ಬಗ್ಗಿ, ಮೇಷ್ಟ್ರ ಕೆನ್ನೆ ಸವರಿದರು.

"ಬೇಜಾರ್ ಮಾಡ್ಕೋಬೇಡ. ಬಲು ಚೆಂದ ಹೇಳ್ದೆ ಪಾಠ. ಮುಂದಿನ್ ವರ್ಷಾನೂ ನನ್ನೇ ಕಳ್ಸು ಅಂತೀನಿ."