ಮೈಲಿಗಲ್ಲಿನ ಖಾಯಂ ಪತ್ರ

ಸುಟ್ಟುಹೋದ ಫ್ಯೂಸು ಕಿರುಬೆರಳಿನ ಉಗುರಿಗಿಂತ ದೊಡ್ಡದೇನೂ ಇರಲಿಲ್ಲ. ಆದರೆ ಅದನ್ನು ಸುಟ್ಟವನು ಅಧ್ಯಕ್ಷರ ಹೆಂಡತಿಯ ತಮ್ಮ. ಆದ್ದರಿಂದ ಅದು ಸುಟ್ಟಿದೆ ಎಂದು ಬಾಯಿಬಿಟ್ಟು ಹೇಳುವ ಅಧಿಕಾರ ಆ ಕಚೇರಿಯಲ್ಲಿ ಯಾರಿಗೂ ಇರಲಿಲ್ಲ.

ಕಚೇರಿಯೆಂದರೆ ದುಡಿಯುವವರ ಹಿತ ಕಾಯುವ ಮಂಡಳಿ. ಹಿತ ಕಾಯುವ ಕೆಲಸದಲ್ಲಿ ಎಷ್ಟು ಮುಳುಗಿತ್ತೆಂದರೆ, ತನ್ನದೇ ಡ್ರೈವರು ಹನ್ನೊಂದು ವರ್ಷಗಳಿಂದ ದಿನಗೂಲಿಯಲ್ಲಿದ್ದಾನೆ ಅನ್ನುವುದನ್ನು ಗಮನಿಸಲು ಅದಕ್ಕೆ ಪುರುಸೊತ್ತೇ ಆಗಿರಲಿಲ್ಲ. ಆ ಡ್ರೈವರಿಗೆ ಎಲ್ಲರೂ ಇಟ್ಟ ಹೆಸರು ಮೈಲಿಗಲ್ಲು. ಸುತ್ತ ನೂರು ಮೈಲಿಯಲ್ಲಿ ಯಾವ ಓಣಿ ಎಲ್ಲಿ ಹೊರಳುತ್ತದೆ, ಯಾವ ಗುಂಡಿ ಯಾವ ವರ್ಷದ್ದು, ಎಲ್ಲವೂ ಅವನಿಗೆ ಬಾಯಿಪಾಠ. ಹನ್ನೊಂದು ವರ್ಷದಲ್ಲಿ ಅವನಿಗೆ ಒಮ್ಮೆಯೂ ಜ್ವರ ಬಂದಿರಲಿಲ್ಲ. ಬಂದಿತ್ತು, ಆದರೆ ದಿನಗೂಲಿಯವರ ಜ್ವರವನ್ನು ಮಂಡಳಿ ಒಪ್ಪುತ್ತಿರಲಿಲ್ಲ.

ಅವನ ಖಾಯಂ ಪತ್ರ ಕೊನೆಗೂ ಟೈಪಾಗಿ ಅಧ್ಯಕ್ಷರ ಕೈಪೆಟ್ಟಿಗೆಗೆ ಬಂದಿತ್ತು. ಸಹಿಯೊಂದೇ ಬಾಕಿ. "ಸಂಜೆ ನಾಲ್ಕಕ್ಕೆ ಸರಿಯಾಗಿ ನನ್ನನ್ನ ಆ ಗೋದಾಮಿನ ಹತ್ರ ಮುಟ್ಟಿಸು. ಕಾರ್ಮಿಕರ ವಿಶ್ರಾಂತಿ ಶೆಡ್ಡು ಉದ್ಘಾಟನೆ ಇದೆ. ಮುಟ್ಟಿಸಿದ್ರೆ ಸಹಿ, ಇಲ್ಲಾಂದ್ರೆ ಇಲ್ಲ," ಎಂದಿದ್ದರು ಅಧ್ಯಕ್ಷರು.

ಬೆಳಿಗ್ಗೆ ಹೊರಡುವಾಗ ಮೈಲಿಗಲ್ಲಿನ ಹೆಂಡತಿ ಬಾಗಿಲಲ್ಲೇ ನಿಂತು, "ಇವತ್ತಾದ್ರೂ ಸಹಿ ಹಾಕಿಸ್ಕೊಂಡು ಬನ್ನಿ. ಒಂದ್ಸಲ ನೀವು ಹಾಯಾಗಿ ಕಾಯಿಲೆ ಬಿದ್ದು ಮಲಗೋದನ್ನ ನೋಡ್ಬೇಕು," ಅಂದಿದ್ದಳು.

ಅಧ್ಯಕ್ಷರ ಸವಾರಿಗೆ ಮಂಡಳಿ ಒಂದು ಕ್ಯಾರವಾನ್ ಕೊಂಡಿತ್ತು. ಕಾರ್ಮಿಕರ ಕಷ್ಟ ಕೇಳಿ ದಣಿದರೆ ಒರಗಲು ಹಾಸಿಗೆ, ಕಣ್ಣೊರೆಸಿಕೊಂಡ ಮೇಲೆ ಮುಖ ತೊಳೆಯಲು ಬಚ್ಚಲು, ಒಳಗಿನ ಕುದಿ ತಣಿಸಲು ಏಸಿ. ಮುಂದೆ ಡ್ರೈವರ ಸೀಟು, ಅದರ ಬೆನ್ನಿಗೇ ಪುಟ್ಟ ಅಡುಗೆಮೂಲೆ, ಆಮೇಲೊಂದು ಜಾರುಬಾಗಿಲು. ಅದರಾಚೆ ಅಧ್ಯಕ್ಷರು.

ಇಷ್ಟೇ ಆಗಿದ್ದರೆ ಮೈಲಿಗಲ್ಲು ಕಣ್ಣು ಮುಚ್ಚಿಕೊಂಡು ಗೋದಾಮು ಮುಟ್ಟಿಸುತ್ತಿದ್ದ. ಆದರೆ ಹೋದ ತಿಂಗಳು ಬದಲಿ ಡ್ರೈವರೊಬ್ಬ ಅಧ್ಯಕ್ಷರನ್ನು ನೇರವಾಗಿ ಮುಷ್ಕರ ಕೂತವರ ಮಧ್ಯೆ ತಂದು ನಿಲ್ಲಿಸಿಬಿಟ್ಟಿದ್ದ. ದುಡಿಯುವವರನ್ನು ಅಧ್ಯಕ್ಷರು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಎರಡು ದಿನ ಹಾಸಿಗೆ ಹಿಡಿದರು. ಎದ್ದವರೇ ಸುತ್ತೋಲೆ ಹೊರಡಿಸಿದರು: ಇನ್ನು ಮುಂದೆ ದಾರಿ ತೋರಿಸುವುದು ಜಿಪಿಎಸ್ ಯಂತ್ರ, ಡ್ರೈವರಲ್ಲ. ಯಂತ್ರ ಮಾತಾಡದೆ ಚಕ್ರ ಉರುಳಕೂಡದು. ಪ್ರಯಾಣದ ಹೊತ್ತಿಗೆ ಎಲ್ಲರ ಮೊಬೈಲೂ ಬೀಗದ ಪೆಟ್ಟಿಗೆಯೊಳಗೆ. "ಯಂತ್ರಕ್ಕೆ ಸಂಘ ಇಲ್ಲ, ಘೋಷಣೆ ಇಲ್ಲ, ನಂಟರಿಲ್ಲ," ಎಂದರು ಅಧ್ಯಕ್ಷರು. ಆಮೇಲೆ ತಮ್ಮ ಭಾಮೈದನನ್ನೇ ತಾಂತ್ರಿಕ ಸಲಹೆಗಾರನನ್ನಾಗಿ ನೇಮಿಸಿದರು.

ಆ ಭಾಮೈದ ಹಿಂದಿನ ದಿನ ಡ್ಯಾಶ್‌ಬೋರ್ಡಿನ ಸಾಕೆಟ್ಟಿಗೆ ಭಾವನ ಕಾಲು ಒತ್ತುವ ಯಂತ್ರ ಸಿಕ್ಕಿಸಿ ನೋಡಿದ್ದ. ಚಟ್ ಎಂದಿತ್ತು. ಈಗ ಹೊಚ್ಚಹೊಸ ಜಿಪಿಎಸ್ಸನ್ನು ಅದೇ ಸಾಕೆಟ್ಟಿಗೆ ಚುಚ್ಚಿದರೆ ಅದು ಕಣ್ಣೇ ಬಿಡಲಿಲ್ಲ. ಅದರ ಹೊಟ್ಟೆಯಲ್ಲೂ ಒಂದು ಬ್ಯಾಟರಿ ಇತ್ತಂತೆ. ಯಾರೂ ಚಾರ್ಜು ಮಾಡಿರಲಿಲ್ಲ.

"ಫ್ಯೂಸು ಹೋಗಿದೆ ಸಾರ್. ಎರಡು ನಿಮಿಷದ ಕೆಲಸ," ಎಂದ ಮೈಲಿಗಲ್ಲು.

"ಹೋಗಿಲ್ಲ," ಎಂದ ಭಾಮೈದ. "ಸಾಕೆಟ್ಟು ಸ್ವಲ್ಪ ಬಿಸಿಯಾಗಿದೆ, ಅಷ್ಟೆ. ಫ್ಯೂಸಿನ ಡಬ್ಬಿಗೆ ನನ್ನ ಸೀಲಿದೆ. ಮುಟ್ಟಿದ್ರೆ ಶಿಸ್ತುಕ್ರಮ."

ಗಂಟೆ ಹತ್ತಾಯಿತು. ಅಧ್ಯಕ್ಷರ ಆಪ್ತ ಸಹಾಯಕ ತನ್ನ ಲ್ಯಾಪ್‌ಟಾಪು ಹಿಡಿದು ಓಡಿಬಂದ. ಸಾಹೇಬರ ಕೆಮ್ಮಿಗೂ ಅರ್ಥ ಬರೆದುಕೊಳ್ಳುವ ಮನುಷ್ಯ ಅವನು. "ಇದಕ್ಕೆ ಸಿಕ್ಕಿಸಿ, ಕರೆಂಟು ಬರುತ್ತೆ." ಬಂತು. ಯಂತ್ರ ಕಣ್ಣು ಬಿಟ್ಟಿತು. 'ಕಂಪ್ಯೂಟರಿಗೆ ಜೋಡಿಸಲಾಗಿದೆ' ಎಂದು ತೋರಿಸಿ, ಹೊಸ ಸೊಸೆಯ ಹಾಗೆ ತಲೆ ತಗ್ಗಿಸಿ ಕೂತುಬಿಟ್ಟಿತು. ದಾರಿ ಕೇಳಿದರೆ ಮಾತಿಲ್ಲ. ಗುಂಡಿ ಒತ್ತಿದರೆ ಉತ್ತರವಿಲ್ಲ. ಕಂಪ್ಯೂಟರಿಗೆ ಕಟ್ಟಿಹಾಕಿದರೆ ಅದು ದಾರಿ ಹೇಳುವುದಿಲ್ಲ, ಬರೀ ಕಡತ ಕೊಡುತ್ತದೆ ಎಂದು ತಿಳಿಯಲು ಒಂದೂವರೆ ಗಂಟೆ ಹಿಡಿಯಿತು.

"ಅದೂ ನಮ್ಮ ಕಚೇರಿಯವರ ಹಾಗೇ ಆಯ್ತಲ್ಲ," ಎಂದಳು ಗಾಡಿಯ ಅಡುಗೆಮೂಲೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದ ಅಡುಗೆ ಅಕ್ಕ.

ಜಾರುಬಾಗಿಲಿನಾಚೆಯಿಂದ ಅಧ್ಯಕ್ಷರ ಕರೆಗಂಟೆ ಬಾರಿಸಿತು. "ಯಂತ್ರ ಮಾತಾಡ್ತಾ?"

"ಗಂಟಲು ಸರಿಮಾಡ್ಕೊಳ್ತಿದೆ ಸಾರ್," ಎಂದ ಆಪ್ತ ಸಹಾಯಕ.

ಭಾಮೈದನಿಗೆ ಹುರುಪು ಬಂತು. ಅಡುಗೆಮೂಲೆಯ ಗೋಡೆಗೆ ಇನ್ನೊಂದು ಸಾಕೆಟ್ಟಿತ್ತು. ಅದಕ್ಕೆ ಕರೆಂಟು ಬರುವುದು ಮಂಚದ ಕೆಳಗಿನ ಬ್ಯಾಟರಿಯಿಂದ, ಇನ್ವರ್ಟರಿನ ಮೂಲಕ. ಫ್ರಿಜ್ಜಿನ ಪ್ಲಗ್ಗು ಕಿತ್ತು, ಅಲ್ಲಿಂದ ಜಿಪಿಎಸ್ಸಿಗೆ ಉದ್ದಕ್ಕೆ ವೈರು ಎಳೆದ. ಮೈಲಿಗಲ್ಲಿನ ಕೊರಳಿಗೊಂದು ಸುತ್ತು ಬಂತು. ಯಂತ್ರ ಎದ್ದಿತು. 'ಉಪಗ್ರಹ ಹುಡುಕಲಾಗುತ್ತಿದೆ' ಎಂದಿತು. ಎಲ್ಲರೂ ಹೆರಿಗೆಕೋಣೆಯ ಹೊರಗೆ ನಿಂತವರಂತೆ ಉಸಿರು ಬಿಗಿಹಿಡಿದು ಕಾದರು.

ಅಷ್ಟರಲ್ಲಿ ಅಧ್ಯಕ್ಷರು ಉದ್ಘಾಟನೆಗೆ ಸಿದ್ಧರಾಗಲು ಕರೆಂಟಿನ ರೇಜರು ಹಿಡಿದು ಕನ್ನಡಿಯ ಮುಂದೆ ನಿಂತಿದ್ದರು. ಏಸಿ ಓಡುತ್ತಿತ್ತು.

"ಅಕ್ಕಾ, ಭಾವನಿಗೆ ಬಿಸಿನೀರು ಇಡು," ಎಂದ ಭಾಮೈದ.

"ಏಸಿ ಓಡುವಾಗ ಕರೆಂಟೊಲೆ ಹಚ್ಚಿದ್ರೆ ತಡೆಯೋದಿಲ್ಲಪ್ಪ. ಹೋದ್ಸಲ ಇನ್ವರ್ಟರು ಕೂಗ್ಕೊಂಡಿತ್ತು."

"ತಾಂತ್ರಿಕ ಸಲಹೆಗಾರ ನೀನೋ ನಾನೋ?"

ಅಕ್ಕ ಒಲೆ ಹಚ್ಚಿದಳು. ಇನ್ವರ್ಟರು ಕುಯ್ಯೋ ಎಂದಿತು. ಭಾಮೈದ ಗುಂಡಿ ಒತ್ತಿ ಅದರ ಬಾಯಿ ಮುಚ್ಚಿಸಿದ. ಮತ್ತೆ ಕೂಗಿತು, ಮತ್ತೆ ಒತ್ತಿದ. ಮೂರನೆಯ ಸಲ ಅದು ಕೂಗಲಿಲ್ಲ. ಮಂಚದ ಕೆಳಗಿನಿಂದ ಸುಟ್ಟ ರಬ್ಬರಿನ ವಾಸನೆ ಬಂತು. ಏಸಿ ನಿಂತಿತು, ದೀಪ ಆರಿತು, ಜಿಪಿಎಸ್ಸಿನ ಪರದೆ ಕಪ್ಪಾಯಿತು. ಜಾರುಬಾಗಿಲು ಧಡಾರನೆ ತೆರೆಯಿತು. ಅಧ್ಯಕ್ಷರ ಎಡಗೆನ್ನೆ ಉದ್ಘಾಟನೆಗೆ ಸಿದ್ಧವಾಗಿತ್ತು. ಬಲಗೆನ್ನೆಯಲ್ಲಿ ಮೂರು ದಿನದ ಹುಲ್ಲು ಹಾಗೇ ನಿಂತಿತ್ತು.

"ಏನ್ರೀ ಇದು!"

"ಡ್ರೈವರು ವೈರು ಎಳೆದುಬಿಟ್ಟ ಭಾವ," ಎಂದ ಭಾಮೈದ, ಮೈಲಿಗಲ್ಲಿನ ಕೊರಳಿನ ವೈರನ್ನೇ ಸಾಕ್ಷಿಯಾಗಿ ತೋರಿಸಿ.

"ಹತ್ತು ನಿಮಿಷ ಕೊಡ್ತೀನಿ. ಯಂತ್ರದ ದನಿ ನನ್ನ ಕಿವಿಗೆ ಬೀಳ್ಬೇಕು. ಇಲ್ಲಾಂದ್ರೆ ನಿನ್ನ ಪತ್ರ ಹರಿದು ಅದರಲ್ಲೇ ಈ ಕೆನ್ನೆ ಒರೆಸ್ಕೊಳ್ತೀನಿ!" ಬಾಗಿಲು ಮುಚ್ಚಿತು.

ಗಂಟೆ ಒಂದೂಕಾಲು. ಗೋದಾಮಿಗೆ ಎರಡೂವರೆ ಗಂಟೆಯ ದಾರಿ. ಮೈಲಿಗಲ್ಲು ಸ್ಟೇರಿಂಗಿನ ಮೇಲೆ ಹಣೆಯಿಟ್ಟ. ಹನ್ನೊಂದು ವರ್ಷ ಉಗುರಿನಷ್ಟು ತಂತಿಯಲ್ಲಿ ನೇತಾಡುತ್ತಿತ್ತು.

ಆಗ ಅಡುಗೆ ಅಕ್ಕ ಸೆರಗಿಗೆ ಕೈಯೊರೆಸಿಕೊಂಡು ಹತ್ತಿರ ಬಂದಳು. "ಅಣ್ಣ, ಸಾಹೇಬ್ರಿಗೆ ಬೇಕಿರೋದು ದಾರಿಯೋ, ದನಿಯೋ?"

"ದನಿ," ಎಂದ ಆಪ್ತ ಸಹಾಯಕ.

"ಹಾಗಾದ್ರೆ ಗಾಡಿ ಹೊರಡಿಸು. ದಾರಿ ನೀನು ಪಿಸುಗುಟ್ಟು, ದನಿ ನಾನು ಕೊಡ್ತೀನಿ." ಗಂಟಲು ಸರಿಮಾಡಿಕೊಂಡು, ಮೂಗಿನಿಂದ ಒಂದು ಹಿಡಿ ರಾಗ ಎತ್ತಿ, ಅವಳು ಗಟ್ಟಿಯಾಗಿ ಘೋಷಿಸಿದಳು: "ದಯವಿಟ್ಟು ಗೇಟಿನಿಂದ ಹೊರಗೆ ಬಂದು, ನೂರು ಮೀಟರ್ ನಂತರ ಎಡಕ್ಕೆ ತಿರುಗಿ!"

ಒಳಗಿನಿಂದ ನಿಟ್ಟುಸಿರು ಕೇಳಿಸಿತು. "ಹಾಂ! ಈಗ ಹೊರಡು."

ಭಾಮೈದ ಕ್ಷಣ ಯೋಚಿಸಿ, "ಯಂತ್ರ ರಿಪೇರಿ ಮಾಡಿದ್ದು ನಾನು ಅಂತ ಹೇಳ್ತೀನಿ, ಆಯ್ತಾ?" ಎಂದ. ಯಾರಿಗೂ ವಾದಿಸಲು ಹೊತ್ತಿರಲಿಲ್ಲ.

ಗಾಡಿ ಓಡಿತು. ಮೈಲಿಗಲ್ಲು ತುಟಿ ಅಲ್ಲಾಡಿಸದೆ, "ಹಳೇ ಗಿರಣಿ ಬಲಕ್ಕೆ," ಎನ್ನುವನು. ಅಕ್ಕ, "ಇನ್ನೂರು ಮೀಟರ್ ನಂತರ ಬಲಕ್ಕೆ ತಿರುಗಿ," ಎನ್ನುವಳು. ರೈಲ್ವೆ ಗೇಟು ಎರಡೂವರೆಗೆ ಹಾಕಿದರೆ ಮುಕ್ಕಾಲು ಗಂಟೆ ತೆಗೆಯುವುದಿಲ್ಲವೆಂದು ಅವನಿಗೆ ಗೊತ್ತು. ಮೇಲ್ಸೇತುವೆಗೆ ಸುತ್ತುವ ಬದಲು ಇಟ್ಟಿಗೆಗೂಡಿನ ಹಿಂದಿನ ಕಾಲುವೆದಾರಿ ಹಿಡಿದ. ಅಲ್ಲೊಂದು ದೊಡ್ಡ ಗುಂಡಿ ಬಂತು. ಅಕ್ಕ ಹೌಹಾರಿ, "ಅಯ್ಯಯ್ಯೋ, ನಿಧಾನ ಅಣ್ಣಾ!" ಎಂದುಬಿಟ್ಟಳು.

"ಯಂತ್ರ ಯಾರಿಗೆ ಅಣ್ಣ ಅಂತು?" ಒಳಗಿನಿಂದ ಪ್ರಶ್ನೆ.

"ಹೊಸ ಮಾದರಿ ಸಾರ್, ಮರ್ಯಾದೆ ಜಾಸ್ತಿ," ಎಂದ ಆಪ್ತ ಸಹಾಯಕ.

ಈರುಳ್ಳಿಯ ಘಾಟಿಗೆ ಅಕ್ಕ ಸೀನಿದಳು.

"ಯಂತ್ರಕ್ಕೆ ಶೀತವೇನ್ರೀ?"

"ಉಪಗ್ರಹ ಇರೋದು ಬಹಳ ಎತ್ತರದಲ್ಲಿ ಸಾರ್. ಅಲ್ಲಿ ಚಳಿ."

"ಪಾಪ," ಎಂದರು ಅಧ್ಯಕ್ಷರು. ಹನ್ನೊಂದು ವರ್ಷದಲ್ಲಿ ಅವರ ಬಾಯಿಂದ ಮೈಲಿಗಲ್ಲು ಆ ಮಾತನ್ನು ಕೇಳಿದ್ದು ಅದೇ ಮೊದಲು.

ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಗಾಡಿ ಗೋದಾಮಿನ ಮುಂದೆ ನಿಂತಿತು. "ನೀವು ತಲುಪಬೇಕಾದ ಸ್ಥಳ ತಲುಪಿದ್ದೀರಿ," ಎಂದು ಅಕ್ಕ ಬತ್ತಿದ ಗಂಟಲಲ್ಲಿ ಹೇಳಿ ಒಂದು ಚೊಂಬು ನೀರು ಕುಡಿದಳು. ಮೈಲಿಗಲ್ಲು ಕನ್ನಡಿಯಲ್ಲಿ ತಲೆ ಬಾಚಿಕೊಂಡ. ಸಹಿ ಹಾಕಿಸಿಕೊಳ್ಳಲು ಹೋಗುವವನು ಹೇಗೆಂದರೆ ಹಾಗೆ ಹೋಗುವುದೇ?

ನಾಲ್ಕು ಕಂಬ, ಒಂದು ತಗಡು. ಅದೇ ವಿಶ್ರಾಂತಿ ಶೆಡ್ಡು. ಮೂಟೆ ಹೊರುವವರನ್ನು ಅದರ ಹೊರಗೆ ಬಿಸಿಲಲ್ಲಿ ಸಾಲಾಗಿ ನಿಲ್ಲಿಸಿದ್ದರು. ಫೋಟೋದವರಿಗೆ ಎಡಗೆನ್ನೆ ಮಾತ್ರ ಕೊಡುತ್ತಾ ಅಧ್ಯಕ್ಷರು ರಿಬ್ಬನ್ನು ಕತ್ತರಿಸಿ ಮೈಕು ಹಿಡಿದರು.

"ಬಂಧುಗಳೇ! ಇವತ್ತು ನಾನೊಂದು ಅದ್ಭುತ ಕಂಡೆ. ಒಂದು ಯಂತ್ರ! ಕಾಲುವೆದಾರಿ ಅದಕ್ಕೆ ಗೊತ್ತು, ಅಲ್ಲಿನ ಗುಂಡಿ ಗೊತ್ತು, ರೈಲ್ವೆ ಗೇಟಿನ ಹೊತ್ತೂ ಗೊತ್ತು. ನಮ್ಮ ಡ್ರೈವರುಗಳು ಹನ್ನೊಂದು ವರ್ಷ ಕಲಿತದ್ದನ್ನ ಅದು ಒಂದೇ ದಿನಕ್ಕೆ ಕಲ್ತಿದೆ. ಹೀಗಿರುವಾಗ ಡ್ರೈವರಿಗೆ ಅನುಭವ ಯಾಕೆ ಬೇಕು? ಖಾಯಂ ಕೆಲಸ ಯಾಕೆ ಬೇಕು? ಸ್ಟೇರಿಂಗು ಹಿಡಿಯೋಕೆ ಎರಡು ಕೈ ಸಾಕು. ಹೋದ ವಾರ ಲೈಸೆನ್ಸು ತಗೊಂಡ ನಮ್ಮ ತಾಂತ್ರಿಕ ಸಲಹೆಗಾರರೇ ಇವತ್ತಿಂದ ಗಾಡಿ ನಡೆಸ್ತಾರೆ!"

ಚಪ್ಪಾಳೆ ತಟ್ಟಲು ಕರೆತಂದವರು ತಟ್ಟಿದರು. ಮೈಲಿಗಲ್ಲು ನಿಜ ಹೇಳಲು ಬಾಯಿ ತೆರೆದ. ಪಕ್ಕದಲ್ಲಿ ಅಕ್ಕ ಬಿಳುಚಿಕೊಂಡು ನಿಂತಿದ್ದಳು. ನಿಜ ಹೇಳಿದರೆ ಮೊದಲು ಹೋಗುವುದು ಅವಳ ಕೆಲಸ. ಬಾಯಿ ಮುಚ್ಚಿದ.

ವಾಪಸು ಹೊರಡುವಾಗ ಸ್ಟೇರಿಂಗಿನ ಹಿಂದೆ ಭಾಮೈದ. ಮೈಲಿಗಲ್ಲು ಅಡುಗೆಮೂಲೆಯಲ್ಲಿ ಸ್ಟೂಲಿನ ಮೇಲೆ ಆಲೂಗಡ್ಡೆ ಸುಲಿಯುತ್ತಿದ್ದ. ಭಾಮೈದ ಕರವಸ್ತ್ರಕ್ಕಾಗಿ ಜೇಬಿಗೆ ಕೈ ಹಾಕಿದವನು, "ಅರೆ, ಇಲ್ಲೇ ಇದೆ!" ಎಂದ. ಹೊಸ ಫ್ಯೂಸು. "ನಿನ್ನೆ ಸಂಜೇನೇ ತಂದಿದ್ದೆ. ಬೇರೆ ಪ್ಯಾಂಟಲ್ಲಿದೆ ಅಂದ್ಕೊಂಡಿದ್ದೆ." ತಾನೇ ಹಾಕಿದ ಸೀಲು ಒಡೆದು, ಎರಡೇ ನಿಮಿಷದಲ್ಲಿ ಅದನ್ನು ಸಿಕ್ಕಿಸಿದ. ಜಿಪಿಎಸ್ಸು ಎದ್ದು, ಉಪಗ್ರಹ ಹಿಡಿದು, ದಪ್ಪ ಗಂಡುದನಿಯಲ್ಲಿ, "ನೇರವಾಗಿ ಮುಂದುವರಿಯಿರಿ," ಎಂದಿತು.

ಜಾರುಬಾಗಿಲು ತೆರೆಯಿತು. "ಇದೇನ್ರೀ, ಗಂಡಸಿನ ದನಿ?"

ಆಪ್ತ ಸಹಾಯಕ ಕಣ್ಣು ಮಿಟುಕಿಸಲಿಲ್ಲ. "ಅದು ಸಂಜೆ ಪಾಳಿ ಸಾರ್."

"ಭೇಷ್! ಪಾಳಿ ಮೇಲೆ ದುಡಿಯುತ್ತೆ, ಓಟಿ ದುಡ್ಡು ಕೇಳೋದಿಲ್ಲ!" ಬಾಗಿಲು ಮುಚ್ಚಿತು.

ಸಂಜೆ ಪಾಳಿಗೆ ಕಾಲುವೆದಾರಿ ಗೊತ್ತಿರಲಿಲ್ಲ, ಹೊಸ ರಸ್ತೆಯೂ ಗೊತ್ತಿರಲಿಲ್ಲ. ಅದು ನೇರವಾಗಿ ಮುಂದುವರಿಯಿರಿ ಅನ್ನುತ್ತಲೇ ಹೋಯಿತು. ಭಾಮೈದ ಮುಂದುವರಿಯುತ್ತಲೇ ಹೋದ. ಕೊನೆಗೆ ಗಾಡಿ ಊರಿನ ಕಸವೆಲ್ಲ ಸುರಿಯುವ ಬಯಲಿನ ನಟ್ಟನಡುವೆ ನಿಂತಿತು. ಸುತ್ತಲೂ ನಾಯಿಗಳು. ವಾಸನೆ ಅಧ್ಯಕ್ಷರ ಕೋಣೆಯನ್ನೂ ಬಿಡಲಿಲ್ಲ. "ನೇರವಾಗಿ ಮುಂದುವರಿಯಿರಿ," ಎಂದಿತು ಯಂತ್ರ, ಎದುರಿನ ಕಸದ ಗುಡ್ಡ ನೋಡುತ್ತಾ.

"ಈ ಸಂಜೆ ಪಾಳಿಯವನನ್ನ ಕಿತ್ತು ಬಿಸಾಕಿ!" ಎಂದು ಅಧ್ಯಕ್ಷರು ಒಳಗಿನಿಂದಲೇ ಗುಡುಗಿದರು. "ಹಗಲು ಪಾಳಿಯವಳನ್ನ ಕರೀರಿ!"

ಆಪ್ತ ಸಹಾಯಕ ಅಕ್ಕನನ್ನು ನೋಡಿದ. ಅಕ್ಕ ಮೈಲಿಗಲ್ಲನ್ನು ನೋಡಿದಳು. "ಏನ್ ಹೇಳ್ಲಿ ಅಣ್ಣ?"

ಮೈಲಿಗಲ್ಲು ಆಲೂಗಡ್ಡೆಯೊಂದನ್ನು ಬೀಜದಷ್ಟಾಗುವ ತನಕ ಸುಲಿದ. ಅದೇ ಅವನ ಹನ್ನೊಂದು ವರ್ಷದ ಮೊದಲ ಮುಷ್ಕರ. ಮೂರು ನಿಮಿಷ ನಡೆಯಿತು. ಆಮೇಲೆ ಮನೆಗೆ ಹೋಗಬೇಕಾದದ್ದು ತಾನೂ ಅಲ್ಲವೇ ಎಂದು ಹೊಳೆದು, ಹಲ್ಲುಕಚ್ಚಿ ಪಿಸುಗುಟ್ಟಿದ: "ಹಿಂದಕ್ಕೆ ತಗೊಂಡು, ಕೆಂಪು ಟ್ಯಾಂಕಿ ಹತ್ರ ಬಲಕ್ಕೆ."

ಅಕ್ಕ ದನಿ ಎತ್ತಿದಳು. ಗಾಡಿ ಕಾಲುಗಂಟೆಯಲ್ಲಿ ಹೆದ್ದಾರಿ ಸೇರಿತು.

ಕಚೇರಿಯ ಅಂಗಳದಲ್ಲಿ ಅಧ್ಯಕ್ಷರು ಕೈಪೆಟ್ಟಿಗೆ ತೆರೆದರು. ಅವರ ಕಣ್ಣು ಒದ್ದೆಯಾಗಿತ್ತು. ಕಸದ ಹೊಗೆಯಿಂದಲೂ ಇರಬಹುದು. "ಇಂಥ ಸೇವೆ ಮಾಡಿದವರನ್ನ ಇನ್ನೂ ದಿನಗೂಲಿಯಲ್ಲಿ ಇಡೋದು ಅನ್ಯಾಯ. ನಾನು ದುಡಿಯುವವರ ಪರ," ಎಂದು ಖಾಯಂ ಪತ್ರ ಹೊರತೆಗೆದರು. ಮೈಲಿಗಲ್ಲು ಸ್ಟೂಲಿನಿಂದ ಎದ್ದ. ಮಡಿಲಿನಿಂದ ಸಿಪ್ಪೆ ಉದುರಿತು. ಅಧ್ಯಕ್ಷರು ಏನನ್ನೋ ಹೊಡೆದುಹಾಕಿ, ಏನನ್ನೋ ಬರೆದು, ಸಹಿ ಮಾಡಿ ಆಪ್ತ ಸಹಾಯಕನ ಕೈಗಿತ್ತರು. ಅವನು ಗಟ್ಟಿಯಾಗಿ ಓದಿದ:

"ಇಂದಿನಿಂದ ಖಾಯಂ ಮಾಡಲಾಗಿದೆ: ಜಿಪಿಎಸ್ ಯಂತ್ರ, ಹಗಲು ಪಾಳಿ."

ಬೀಗದ ಪೆಟ್ಟಿಗೆ ತೆರೆದು ಮೊಬೈಲುಗಳನ್ನು ಹಂಚಿದರು. ಮೈಲಿಗಲ್ಲಿನ ಮೊಬೈಲು ಅಷ್ಟರಲ್ಲಾಗಲೇ ಬಡಿದುಕೊಳ್ಳುತ್ತಿತ್ತು. ಹೆಂಡತಿ.

"ಸಹಿ ಆಯ್ತಾ?"

"ಆಯ್ತು."

"ಹಾಗಾದ್ರೆ ನಾಳೆ ರಜೆ ಹಾಕಿ. ಒಂದಿನ ಹಾಯಾಗಿ ಮಲಗಿ!"

ಮೈಲಿಗಲ್ಲು ಅಡುಗೆ ಅಕ್ಕನ ಕಡೆ ನೋಡಿದ. ಗಂಟಲು ಕಟ್ಟಿಹೋಗಿದ್ದ ಅವಳು ಕೈಸನ್ನೆಯಲ್ಲೇ ಹೇಳುತ್ತಿದ್ದಳು: ದಾರಿ ಪಿಸುಗುಟ್ಟೋಕೆ ನಾಳೆ ಬೆಳಿಗ್ಗೆ ಆರಕ್ಕೆ ಬಾ ಅಣ್ಣ, ಅಧ್ಯಕ್ಷರಿಗೆ ದೂರದ ಊರಿನ ಪ್ರವಾಸವಿದೆ.

"ಆಗೋದಿಲ್ಲ ಕಣೇ," ಎಂದ ಮೈಲಿಗಲ್ಲು. "ನಾಳೆಯಿಂದ ನಾನು ಹಗಲು ಪಾಳಿ."