ದೊಡ್ಡಪ್ಪನ ಹಲ್ಲಿನ ಬುಡಕ್ಕೆ ಮಣ್ಣು

ಬೇರು ಅಂದರೆ ಗಟ್ಟಿ ಎಂದುಕೊಂಡೇ ನಾನು ದೊಡ್ಡವನಾದದ್ದು. ಹೊಸದುರ್ಗದ ಸುತ್ತ ತೆಂಗು ನೋಡಿ ಬೆಳೆದವರಿಗೆ ಬೇರೆ ಯೋಚನೆ ಹೇಗೆ ಬಂದೀತು? ಆದರೆ ಮೊಬೈಲಿನಲ್ಲಿ ಹಲ್ಲಿನ ವಿಡಿಯೋಗಳ ಹುಚ್ಚು ಹಿಡಿದ ಮೇಲೆ ತಲೆ ಕೆಟ್ಟುಹೋಗಿದೆ. ಹಲ್ಲಿನಲ್ಲಿ ಎಲ್ಲ ತಲೆಕೆಳಗು. ಮೇಲೆ ಕಾಣುವ ಎನಾಮಲ್ ಇಡೀ ಮೈಯಲ್ಲೇ ಗಟ್ಟಿ ವಸ್ತು. ಒಸಡಿನೊಳಗಿನ ಬೇರು ಅದರ ಮುಂದೆ ಮೆತ್ತಗೆ. ಹುಳುಕು ಎನಾಮಲ್ಲಿಗೆ ಬಂದರೆ ಮೊದಲು ಬಿಳಿ ಮಚ್ಚೆ, ಆಮೇಲೆ ನಿಧಾನವಾಗಿ ಒಳಕ್ಕೆ ಕೊರೆತ. ಬೇರು ಕರಗಲಾದರೆ, ಸಿಹಿ ತಿಂದಾಗ ಬಾಯಲ್ಲಿ ಹುಟ್ಟುವ ಆಮ್ಲವೂ ಅಷ್ಟು ಬೇಡ. ಕಂದುಬಣ್ಣವಾಗಿ, ಆಳಕ್ಕಿಂತ ಅಗಲಕ್ಕೆ, ಸದ್ದಿಲ್ಲದೆ ಹಲ್ಲಿನ ಸುತ್ತ ಹರಡುತ್ತದಂತೆ. ಹಾಗಾದರೆ ಬಿಳಿ ಕಂಡರೆ ಹೆದರಬೇಕೋ, ಕಂದು ಕಂಡರೋ? ನನಗಿನ್ನೂ ಗೊಂದಲವೇ. ಗೊಂದಲವಿದ್ದರೂ ಬೇರೆಯವರಿಗೆ ವಿವರಿಸದೆ ಇರಲಾರೆ, ಅದೇ ನನ್ನ ಕಾಯಿಲೆ.

ದೊಡ್ಡಪ್ಪನಿಗೆ ಕೊಬ್ಬರಿ ಅಗಿಯಲು ಉಳಿದಿರುವುದು ಬಲಗಡೆಯ ದವಡೆ ಹಲ್ಲುಗಳ ಒಂದೇ ಜೋಡಿ. ಕೆಳಗಿನದರ ಒಸಡು ಇಳಿದು ಬುಡ ಕಂದಾಗಿತ್ತು.

"ಅದು ಎಲೆಅಡಿಕೆ ಕರೆ ಕಣಲೇ," ಎಂದರು.

ಅವರಿಗೆ ತಿಳಿಯಲೆಂದು, "ಹಂಗಲ್ಲ ದೊಡ್ಡಪ್ಪ, ತೆಂಗಿನ ಬುಡದ ಮಣ್ಣು ಕೊಚ್ಚಿಹೋಗಿ ಬೇರು ಕಂಡಂಗೆ ಆಗೈತೆ," ಎಂದೆ.

"ಹಂಗನ್ನು ಮತ್ತೆ!" ಎಂದು ತಲೆಯಾಡಿಸಿದರು. ಎಂಥ ಹೋಲಿಕೆ ಹೊಳೆಯಿತು ಎಂದು ನಾನು ಬೀಗಿದೆ.

ಮುಂದಿನ ವಾರ ಹೋದರೆ ಅವರ ಕೆನ್ನೆ ಉಬ್ಬಿದೆ. ಬಾಯಿ ತೆರೆಸಿ ನೋಡಿದರೆ ಹಲ್ಲಿನ ಬುಡದ ಸುತ್ತ ಸಿಹಿ ಅಡಿಕೆಪುಡಿ ಮೆತ್ತಿಕೊಂಡಿದ್ದಾರೆ!

"ಇದೇನು ದೊಡ್ಡಪ್ಪ?"

"ಬೇರು ಕಂಡ್ರೆ ಏನ್ ಮಾಡ್ತೀವಲೇ? ಬುಡಕ್ಕೆ ಮಣ್ಣು ಏರಿಸ್ತೀವಿ. ದಿನಾ ಹೊಸದು ಹಾಕ್ತೀನಿ."

ಹುಳುಕಿಗೆ ಸಕ್ಕರೆಯ ಗೊಬ್ಬರ! ಬೈಕಿನಲ್ಲಿ ಕೂರಿಸಿಕೊಂಡು ದಂತವೈದ್ಯರಲ್ಲಿಗೆ ಓಡಿದೆ. ದಾರಿಯುದ್ದಕ್ಕೂ ಹಿಂದಿನಿಂದ ಒಂದೇ ಮಾತು: "ಕೀಳಬ್ಯಾಡ್ರಿ ಅನ್ನಲೇ. ಅದೊಂದು ಹೋದ್ರೆ ನಾನು ಗಂಜಿಗೇ ಗತಿ."

ಡಾಕ್ಟರಮ್ಮ ನೋಡಿ, "ಅಗಲ ಐತೆ, ಆಳ ಇಲ್ಲ. ಹಲ್ಲು ತುಂಬಿದ್ರೆ ಉಳಿತೈತೆ. ಆದ್ರೆ ಈ ಪುಡಿ ಹಾಕಿ ಹುಳುಕಿಗೆ ಊಟ ಇಟ್ಟಂಗೆ ಮಾಡೀರಲ್ಲ, ಯಾರು ಹೇಳಿದ್ದು ಯಜಮಾನ್ರೇ?" ಎಂದರು.

ದೊಡ್ಡಪ್ಪನ ಬೆರಳು ನನ್ನತ್ತ ತಿರುಗಿತು.

"ಓಹೋ! ನೀವೂ ಕುಂತ್ಕಳ್ರಿ, ಬಾಯಿ ತೆಗೀರಿ." ಪುಟ್ಟ ಕನ್ನಡಿ ಹಿಡಿದು ಇಣುಕಿ ನೋಡಿದರು. "ಜೋರಾಗಿ ಉಜ್ತೀರಾ?"

"ಹೌದು ಮೇಡಂ. ಎನಾಮಲ್ ಗಟ್ಟಿ ಅಲ್ವಾ, ಎಷ್ಟಾದ್ರೂ ತಡ್ಕಳ್ತೈತೆ."

"ಎನಾಮಲ್ ತಡ್ಕಳ್ತೈತೆ. ಒಸಡು ತಡ್ಕಳಲ್ಲ. ಈ ವಯಸ್ಸಿಗೇ ನಿಮ್ಮ ಬೇರೂ ಹೊರಗೆ ಬಂದವೆ," ಎಂದು ಮತ್ತೆ ನನ್ನ ಬಾಯಿಗೆ ಕನ್ನಡಿ ತೂರಿಸಿದರು.

ದೊಡ್ಡಪ್ಪ ಬಗ್ಗಿ ನೋಡಿದರು. "ಇವನ ಹಲ್ಲು ಹೆಂಗಾರ ಇರ್ಲಿ ಬಿಡ್ರಿ ಮೇಡಂ. ಬಾಯಿ ಮುಚ್ಚಾಕೆ ಏನಾರ ಐತಾ?"

ಅದಕ್ಕೆ ನನ್ನಲ್ಲಿ ಉದ್ದದ ವಿವರಣೆಯೇ ಇತ್ತು. ಕನ್ನಡಿ ಬಾಯೊಳಗಿದ್ದರಿಂದ, "ಆ..." ಎಂದಷ್ಟೇ ಬಂತು.