ನೋಡಬೇಡ ಅಂದದ್ದು ನಾನೇ

ಯಾರಾದರೂ ನೋಡುತ್ತಿದ್ದರೆ ನನಗೆ ಬರುವ ಕೆಲಸವೂ ಬರುವುದಿಲ್ಲ. ಎದುರಿಗೆ ಜನ ಕೂತಿದ್ದರೆ ಕಿತ್ತಳೆ ಹಣ್ಣಿನ ಸಿಪ್ಪೆ ಸುಲಿಯುವುದಕ್ಕೂ ಬೆರಳು ತಡವರಿಸುತ್ತದೆ. ಆಫೀಸಿನಲ್ಲಿ ಯಾರಾದರೂ ಬೆನ್ನ ಹಿಂದೆ ಬಂದು ನಿಂತರೆ ನನ್ನದೇ ಪಾಸ್‌ವರ್ಡನ್ನು ತಪ್ಪಾಗಿ ಒತ್ತುತ್ತೇನೆ. ಹಾಗೆಂದು ನನ್ನ ಉದ್ಯೋಗವೇನೂ ಮರೆಯಲ್ಲಿ ಕೂತು ಮಾಡುವಂಥದ್ದಲ್ಲ. ಪೀಣ್ಯದ ಒಂದು ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ, ಬೇರೆಯವರು ಮಾಡಿಟ್ಟಿದ್ದನ್ನು ದಿಟ್ಟಿಸಿ ನೋಡಿ, ಸರಿಯಿಲ್ಲದ್ದನ್ನು ಪಕ್ಕಕ್ಕಿಡುತ್ತೇನೆ. ನೋಡುವುದಕ್ಕೆ ಸಂಬಳ ಪಡೆಯುವವಳು ನೋಡಿಸಿಕೊಳ್ಳಲಾರೆ ಎನ್ನುವುದು ನ್ಯಾಯವಲ್ಲ ಎಂದು ನನಗೂ ಗೊತ್ತು.

ಆದ್ದರಿಂದ ವ್ಯಾಯಾಮಕ್ಕೆಂದು ಏನನ್ನಾದರೂ ಹಿಡಿಯಬೇಕು ಎನಿಸಿದಾಗ ತಂಡವಿಲ್ಲದ, ಎದುರಾಳಿಯಿಲ್ಲದ, ಚಪ್ಪಾಳೆಯಿಲ್ಲದ ಆಟವೊಂದನ್ನು ಹುಡುಕಿದೆ. ಸಿಕ್ಕಿದ್ದು ಬೌಲ್ಡರಿಂಗ್. ನಮ್ಮ ಕಾರ್ಖಾನೆಯ ಹಿಂದಿನ ರಸ್ತೆಯಲ್ಲಿ, ಮೊದಲು ಲೇತ್ ಮಷೀನುಗಳಿದ್ದ ಶೆಡ್ಡೊಂದರಲ್ಲಿ ಅದನ್ನು ಕಲಿಸುತ್ತಾರೆ. ಮನೆಯ ಮೊದಲ ಮಹಡಿಯಷ್ಟು ಎತ್ತರದ ಪ್ಲೈವುಡ್ ಗೋಡೆ, ಅದಕ್ಕೆ ಸ್ಕ್ರೂ ಹಾಕಿ ಕೂರಿಸಿದ ಬಣ್ಣಬಣ್ಣದ ಉಬ್ಬುಗಳು. ಅವಕ್ಕೆ ಹೋಲ್ಡ್ ಎನ್ನುತ್ತಾರೆ. ಹಗ್ಗವಿಲ್ಲ. ಕೆಳಗೆ ದಪ್ಪ ಹಾಸಿಗೆ ಇದೆ, ಬೀಳಬಹುದು. ಹಳದಿಯಲ್ಲಿ ಹೊರಟರೆ ತುದಿಯವರೆಗೆ ಹಳದಿಯನ್ನೇ ಹಿಡಿಯಬೇಕು, ಪಕ್ಕದಲ್ಲಿ ಎಷ್ಟೇ ಒಳ್ಳೆಯ ನೀಲಿ ಇದ್ದರೂ ಮುಟ್ಟುವಂತಿಲ್ಲ. ನಿಯಮ ಸ್ಪಷ್ಟವಾಗಿತ್ತು, ನನಗೆ ಹಿಡಿಸಿತು. ನಾನು, ಗೋಡೆ, ಇಬ್ಬರೇ ಎಂದುಕೊಂಡೆ.

ಹಾಗೆಂದುಕೊಂಡದ್ದು ತಪ್ಪು. ಈ ಆಟದಲ್ಲಿ ಅರ್ಧ ನಿಮಿಷ ಹತ್ತಿದರೆ ಕೈ ಸೋತು ಕಾಲು ಗಂಟೆ ಹಾಸಿಗೆಯ ಅಂಚಿನಲ್ಲಿ ಕೂರಬೇಕಾಗುತ್ತದೆ. ಕೂತವರಿಗೆ ಬೇರೆ ಕೆಲಸವಿರುವುದಿಲ್ಲ, ಹತ್ತುತ್ತಿರುವವರನ್ನು ನೋಡುತ್ತಾರೆ. ನೋಡಿ ಸುಮ್ಮನಿದ್ದರೂ ಸಹಿಸಬಹುದಿತ್ತು, ಕೂಗುತ್ತಾರೆ. ಕೂಗದಿದ್ದರೆ ಅದು ಅಲ್ಲಿ ಅಸಭ್ಯತೆ. ಇದರಲ್ಲಿ ಎಲ್ಲರಿಗಿಂತ ಮುಂದಿರುವವನು ಕಾರ್ತಿಕ್ ಎಂಬ ಸಾಫ್ಟ್‌ವೇರ್ ಹುಡುಗ. "ಮೇಡಂ, ಆಗತ್ತೆ ಆಗತ್ತೆ, ಬಿಡ್ಬೇಡಿ! ಸೊಂಟ ಗೋಡೆ ಕಡೆ ತಗೊಳ್ಳಿ! ಎಡಗಾಲು ಮೇಲೆ... ಅದಲ್ಲ ಮೇಡಂ, ನಿಮ್ಮ ಎಡ!" ಅಷ್ಟರಲ್ಲಿ ನಾನು ಹಾಸಿಗೆಯ ಮೇಲಿರುತ್ತೇನೆ. ನಾನು ಹೆಣಗುತ್ತಿದ್ದ ಅದೇ ಹಳದಿ ದಾರಿಯಲ್ಲಿ ಅವನು ಮೂರನೆಯ ಹೋಲ್ಡ್ ದಾಟಿದ್ದನ್ನು ಯಾರೂ ಕಂಡಿಲ್ಲ. ಕೇಳಿದರೆ, "ಥಿಯರಿ ಕ್ಲಿಯರ್ ಇದೆ ಮೇಡಂ, ಬಾಡಿ ಮಾತು ಕೇಳಲ್ಲ" ಎನ್ನುತ್ತಾನೆ.

ಹೊರಗಿನ ಬಂಡೆಗಳಲ್ಲಾದರೂ ಏಕಾಂತ ಸಿಕ್ಕೀತೆಂದು ಒಂದು ಭಾನುವಾರ ಅವರೆಲ್ಲರೊಂದಿಗೆ ಮಾಕಳಿಯ ಆಚೆ ಹೋಗಿದ್ದೆ. ಬೆನ್ನಿಗೆ ಹಾಸಿಗೆ ಕಟ್ಟಿಕೊಂಡು ಗದ್ದೆ ಬದುವಿನಲ್ಲಿ ನಡೆದೆವು. ಆಡು ಮೇಯಿಸುತ್ತಿದ್ದ ಅಜ್ಜಿಯೊಬ್ಬರು ನಮ್ಮನ್ನು ತಡೆದು ಕೇಳಿದರು: "ಆ ಬಂಡೆ ಮ್ಯಾಲೆ ಏನೈತವ್ವ? ಹಿಂದ್ಗಡೆ ದಾರಿ ಐತೆ, ನಮ್ಮ ಆಡೇ ಓಯ್ತವೆ." ಕಾರ್ತಿಕ್ ವಿನಯದಿಂದ, "ಸುಲಭದ ದಾರಿ ಬೇಡ ಅಜ್ಜಿ, ನಮಗೆ ಕಷ್ಟದ್ದೇ ಬೇಕು" ಎಂದ. "ಅಂಗಾರೆ ಕಷ್ಟದ್ದೇ ಅತ್ತಿ, ಯಾರ್ ಬ್ಯಾಡ ಅಂದ್ರು" ಎಂದು ಅಜ್ಜಿ ಸೆರಗಿನಿಂದ ಕಲ್ಲೊಂದನ್ನು ಒರೆಸಿ, ಅದರ ಮೇಲೆ ಕೂತು, ಎಲೆಯಡಿಕೆ ಬಿಚ್ಚಿಕೊಂಡರು. ಆ ಬೆಳಿಗ್ಗೆ ನಾನು ನೆಲದಿಂದ ಮೇಲೇಳಲಿಲ್ಲ.

ಮತ್ತೆ ಹಳದಿಗೆ ಬರುತ್ತೇನೆ. ಅದರಲ್ಲಿ ತುದಿಯದಕ್ಕಿಂತ ಒಂದು ಕೆಳಗಿನ ಹೋಲ್ಡ್ ಬೋರಲು ಹಾಕಿದ ಬೋಗುಣಿಯಂತೆ ನುಣ್ಣಗಿದೆ, ಬೆರಳಿಗೆ ಅಂಚೇ ಇಲ್ಲ. ನಾನು ಪ್ರತಿ ಸಲವೂ ಬೀಳುತ್ತಿದ್ದದ್ದು ಅಲ್ಲೇ. ಹೀಗಿರುವಾಗ ಸೋಮವಾರ ಆ ಗೋಡೆಯನ್ನು ಬಿಚ್ಚುತ್ತಾರೆಂದು ಬೋರ್ಡಿನಲ್ಲಿ ಬರೆದರು. ಆಗಾಗ ಹಾಗೆ ಮಾಡುತ್ತಾರೆ: ಹೋಲ್ಡುಗಳನ್ನೆಲ್ಲ ಕಿತ್ತು, ತೊಳೆದು, ಬೇರೆ ಬೇರೆ ಕಡೆ ಕೂರಿಸುತ್ತಾರೆ. ಆಮೇಲೆ ಆ ಹಳದಿ ದಾರಿ ಲೋಕದಲ್ಲೇ ಇರುವುದಿಲ್ಲ. ಅರ್ಧಕ್ಕೆ ನಿಂತ ಕೆಲಸ ನನಗೆ ಆಗದು. ಭಾನುವಾರ ಮಧ್ಯಾಹ್ನ, ಎಲ್ಲರೂ ಊಟಕ್ಕೆ ಹೋಗಿರುವ ಹೊತ್ತಿಗೆ ಹೋಗಿ ಮುಗಿಸಿಬಿಡಬೇಕೆಂದು ತೀರ್ಮಾನಿಸಿದೆ.

ಹೊರಡುವಾಗ ಅಮ್ಮ ನನ್ನ ಅಂಗೈ ಹಿಡಿದು ಬೆಳಕಿಗೆ ತಿರುಗಿಸಿದಳು. "ಇದೇನೇ ಹಿಂಗೆ ಸಿಪ್ಪೆ ಎದ್ದಿದೆ? ಜಾಲಹಳ್ಳಿಯಲ್ಲಿ ಇಷ್ಟೊಂದು ಪಾರ್ಕ್ ಇದೆ, ನಡ್ಕೊಂಡು ಬರೋಕಾಗಲ್ವಾ? ನಾನೂ ಬರ್ತೀನಿ ಇವತ್ತು, ಅದೇನು ಹತ್ತಿಸ್ತಾರೋ ನೋಡೇಬಿಡ್ತೀನಿ." ಬೇಡವೆನ್ನಲು ನನಗೆ ಕಾರಣ ಸಿಗುವಷ್ಟರಲ್ಲಿ ಅವಳು ಸೀರೆ ಬದಲಿಸಿ ಸ್ಕೂಟರಿನ ಹಿಂದೆ ಕೂತಾಗಿತ್ತು.

ಶೆಡ್ಡಿನಲ್ಲಿ ಕಾರ್ತಿಕ್ ಒಬ್ಬನೇ ಇದ್ದ. ಅವನೊಬ್ಬನೇ ಸಾಕಾಗಿತ್ತು. ನಾನು ಹಳದಿ ಹಿಡಿದೊಡನೆ ಅವನು "ಬನ್ನಿ ಬನ್ನಿ, ಮೇಲೆ!" ಎಂದರೆ ಬೆಂಚಿನಿಂದ ಅಮ್ಮ, "ಸಾಕು ಕಣೇ, ಇಳ್ಕೊಂಡ್ಬಾ! ಅಲ್ಲಿ ಏನು ಇಟ್ಟಿದೀಯ?" ಎಂದಳು. "ಆಂಟಿ, ಹೆದರಿಸ್ಬೇಡಿ." "ನೀನು ಹುರಿದುಂಬಿಸ್ಬೇಡಪ್ಪ, ನಿಮ್ಮಮ್ಮನ್ನ ಕೇಳ್ಕೊಂಡು ನೀನು ಹತ್ತು." ಇಬ್ಬರ ನಡುವೆ ನಾನು ಬಿದ್ದೆ. ಮತ್ತೆ ಹತ್ತಿ ಮತ್ತೆ ಬಿದ್ದೆ. ಅಮ್ಮ ನನ್ನ ಮಂಡಿ ಸವರಲು ಚಪ್ಪಲಿ ಸಮೇತ ಹಾಸಿಗೆಯ ಮೇಲೆ ಬಂದಾಗ ನನ್ನ ಸಹನೆ ಮುಗಿಯಿತು. "ಕಾರ್ತಿಕ್, ನೀವು ಟೀ ಕುಡಿದು ಬನ್ನಿ. ಅಮ್ಮಾ, ನನ್ನ ಕಡೆ ನೋಡಬೇಡ. ಒಂದೇ ಒಂದು ಸಲ, ನೋಡಬೇಡ." ಅವನು ಹೊರಗೆ ಹೋದ. ಅಮ್ಮನಿಗೆ ಬೇಸರವಾಯಿತು. "ಆಯ್ತಮ್ಮ, ನೋಡಲ್ಲ" ಎಂದು ಬೆಂಚಿನ ಮೇಲೆ ಬಾಗಿಲ ಕಡೆ ಮುಖ ಮಾಡಿ ಕೂತಳು.

ಶೆಡ್ಡು ನಿಶ್ಶಬ್ದವಾಯಿತು. ಪಕ್ಕದ ಯೂನಿಟ್ಟಿನ ಪ್ರೆಸ್ ಮಷೀನು ಮಾತ್ರ ತನ್ನ ಪಾಡಿಗೆ ಕುಟ್ಟುತ್ತಿತ್ತು. ಕೈಗೆ ಬಿಳಿ ಪುಡಿ ಹಚ್ಚಿಕೊಂಡು ಹತ್ತಿದೆ. ಬೋಗುಣಿಯ ಹತ್ತಿರ ಬಂದಾಗ, ಯಾರೂ ಹೇಳದಿದ್ದರಿಂದಲೋ ಏನೋ, ಎಡಗಾಲು ತಾನಾಗಿ ಮೇಲೆ ಹೋಯಿತು. ಅಂಗೈ ಜಾರದೆ ನಿಂತಿತು. ಮರುಕ್ಷಣ ತುದಿಯ ಹೋಲ್ಡ್ ನನ್ನ ಕೈಯಲ್ಲಿತ್ತು. ಎರಡೂ ಕೈಯಲ್ಲಿ ಹಿಡಿದರೆ ಮಾತ್ರ ಲೆಕ್ಕ. ಎರಡೂ ಕೈಯಲ್ಲಿ ಹಿಡಿದೆ.

ಇಂಥ ಗಳಿಗೆಗಾಗಿಯೇ ಅಲ್ಲವೇ ಎಲ್ಲರನ್ನೂ ದೂರ ಕಳಿಸಿದ್ದು. ಕೆಳಗೆ ನೋಡಿದೆ. ಅಮ್ಮನ ತುರುಬು ಕಂಡಿತು, ಬೆನ್ನು ಕಂಡಿತು. ಬಾಗಿಲ ಆಚೆ ಖಾಲಿ ರಸ್ತೆ. ತಡೆಯಲಾಗಲಿಲ್ಲ.

"ಅಮ್ಮಾ!"

"ಇಲ್ಲಮ್ಮ, ನೋಡ್ತಿಲ್ಲ."

"ಅಮ್ಮಾ, ನೋಡು ಇಲ್ಲಿ!"

"ನೋಡಲ್ಲ ಅಂದ್ಮೇಲೆ ನೋಡಲ್ಲ. ನೀನು ನಿಧಾನವಾಗಿ ಮಾಡ್ಕೋ."

"ಅಯ್ಯೋ, ಈಗ ನೋಡೇ!"

ಅವಳು ಅನುಮಾನದಿಂದ ತಿರುಗುವ ಹೊತ್ತಿಗೆ ನನ್ನ ಬೆರಳು ಬಿಟ್ಟುಕೊಂಡವು. ಅಮ್ಮ ಕಂಡದ್ದು ನಾನು ಬೀಳುತ್ತಿರುವುದನ್ನು. "ಮತ್ತೆ ಬಿದ್ಯಾ? ಹೋಗ್ಲಿ ಬಿಡು" ಎಂದು ಬ್ಯಾಗಿನಿಂದ ನೀರಿನ ಬಾಟಲಿ ತೆಗೆದಳು. ಹತ್ತಿದೆ ಎಂದೆ. "ಹೂಂ, ಹತ್ತಿರ್ತೀಯ" ಎಂದಳು, ಪರೀಕ್ಷೆ ಚೆನ್ನಾಗಿ ಮಾಡಿದ್ದೇನೆ ಎನ್ನುವ ಮಕ್ಕಳಿಗೆ ಹೇಳುವ ದನಿಯಲ್ಲಿ. ಟೀ ಮುಗಿಸಿ ಬಂದ ಕಾರ್ತಿಕ್ ಕೇಳಿದ, "ಆಯ್ತಾ ಮೇಡಂ?" ಆಯಿತು ಎಂದೆ. ಅವನು ಅಮ್ಮನ ಮುಖ ನೋಡಿದ. ಅಮ್ಮ ಸುಮ್ಮನೆ ಕಣ್ಣು ಮಿಟುಕಿಸಿದಳು. ಮತ್ತೊಮ್ಮೆ ಹತ್ತಿ ತೋರಿಸಲು ಹೋದೆ. ಇಬ್ಬರೂ ನೋಡುತ್ತಿದ್ದರು, ಎರಡನೆಯ ಹೋಲ್ಡೂ ದಾಟಲಿಲ್ಲ.

ಸೋಮವಾರ ಗೋಡೆ ಬಿಚ್ಚಿದರು. ಸಂಜೆ ಅಮ್ಮ ಫೋನಿನಲ್ಲಿ ಚಿಕ್ಕಮ್ಮನಿಗೆ, "ಪಾಪ, ಬೀಳೋದು ಮಾತ್ರ ಚೆನ್ನಾಗಿ ಕಲ್ತಿದಾಳೆ" ಎನ್ನುತ್ತಿದ್ದಳು. ಸ್ವಂತ ವಿಷಯವನ್ನು ನಾಲ್ಕು ಜನರ ಮುಂದೆ ಹೇಳಿಕೊಳ್ಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಮುಜುಗರ. ಅವರಿಗೇಕೆ ಅಷ್ಟು ಆತುರವೋ ಎಂದುಕೊಳ್ಳುತ್ತಿದ್ದೆ. ಈಗ ಅಚ್ಚಿಗೆ ಕಳಿಸುವ ಮೊದಲು ಈ ಬರಹವನ್ನು ತಿದ್ದಲು ಕೂತಾಗ, ಎರಡೂ ಕೈಯಲ್ಲಿ ಹಿಡಿದೆ ಎಂಬ ಒಂದು ಮಾತನ್ನು ಮಾತ್ರ ಹೊಡೆದುಹಾಕಲು ಮನಸ್ಸಾಗಲಿಲ್ಲ.